ಗುಲಗಂಜಿಯ ತೂಕ

ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹಸ್ವಾಮಿಯ ದರ್ಶನ ಮಾಡಿ ಬಂದವರಿಗೆ ಒಂದು ಸಂಗತಿ ಮರೆಯುವುದಿಲ್ಲ. ಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಉಂಟು. ಕಾವೇರಿಯೂ ಕಪಿಲೆಯೂ ಕೂಡುವ ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯಷ್ಟು ತೂಕದಲ್ಲಿ ಹೆಚ್ಚು ಎಂಬುದು ಸ್ಥಳದವರ ನಂಬುಗೆ. ಎಷ್ಟು ವಿನಯದ ಹೆಮ್ಮೆ ನೋಡಿ! ಕಾಶಿಯ ಇಮ್ಮಡಿ ಎನ್ನಲಿಲ್ಲ, ಮುಮ್ಮಡಿ ಎನ್ನಲಿಲ್ಲ. ತಕ್ಕಡಿಯ ಮುಳ್ಳು ಅತ್ತ ಬಾಗದೆ ಇತ್ತ ಬಾಗುವುದಕ್ಕೆ ಎಷ್ಟು ಬೇಕೋ ಅಷ್ಟನ್ನು ಮಾತ್ರ ಕೇಳಿಕೊಂಡರು. ಅಕ್ಕಸಾಲಿಗನ ಅಂಗಡಿಯಲ್ಲಿ ಕುಳಿತು ಆ ಮುಳ್ಳನ್ನೇ ಉಸಿರು ಬಿಗಿಹಿಡಿದು ನೋಡಿದ ಗೃಹಿಣಿಯರಿಗೆ ಗುಲಗಂಜಿಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಟಗಳ ಸೋಲು ಗೆಲವುಗಳಲ್ಲಿಯೂ ಬಹುಮಟ್ಟಿಗೆ ಇದೇ ತೂಕದ ವ್ಯವಹಾರ. ಬಲದಲ್ಲಿ ಸಮಸಮನಾದ ಎರಡು ಹಾಕಿ ತಂಡಗಳು ಒಂದು ಗಂಟೆಯ ಕಾಲ ಸೆಣಸುತ್ತವೆ. ಕೊನೆಗೆ ಒಂದರ ಹೆಸರಿನ ಮುಂದೆ ಒಂದು, ಇನ್ನೊಂದರ ಹೆಸರಿನ ಮುಂದೆ ಸೊನ್ನೆ. ಆ ಒಂದನ್ನು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ದಪ್ಪಕ್ಷರಗಳಲ್ಲಿ ಬರುತ್ತದೆ. ಎದುರಾಳಿಗೆ ಆ ಸೊನ್ನೆಯನ್ನು ಬರೆದುಕೊಟ್ಟವನ ಹೆಸರು? ಬಂದರೆ ಬಂದೀತು, ವರದಿಯ ಬಾಲದಲ್ಲಿ, ಜಾಗ ಉಳಿದಿದ್ದರೆ. ಸೊನ್ನೆಯನ್ನು ಬರೆಯುವ ಆ ಮನುಷ್ಯನೇ ಗೋಲ್‌ಕೀಪರ್. ಲೋಕದ ಲೆಕ್ಕದ ಪುಸ್ತಕದಲ್ಲಿ ಆದದ್ದಕ್ಕೆ ಕಲಮುಂಟು. ಆಗದೆ ಹೋದುದಕ್ಕೆ ಕಲಮಿಲ್ಲ. ಅವನ ದುಡಿಮೆಯೆಲ್ಲವೂ ಆಗದೆ ಹೋದುದರ ಖಾತೆಗೆ ಸೇರಿದ್ದು.

ಇಂಥ ದುಡಿಮೆ ನಮಗೆ ಹೊಸದಲ್ಲ. ಹಳೆಯ ಮೈಸೂರು ಸೀಮೆಯ ಕೆರೆಗಳಿಗೆ ನೀರುಗಂಟಿ ಎಂಬವನೊಬ್ಬನು ಇರುತ್ತಿದ್ದನು. ತೂಬು ತೆಗೆಯುವುದು, ಮುಚ್ಚುವುದು, ಗದ್ದೆಗದ್ದೆಗೆ ನೀರು ಹಂಚುವುದು, ಮಳೆಗಾಲದ ರಾತ್ರಿಗಳಲ್ಲಿ ಏರಿಯ ಮೇಲೆ ಕಣ್ಣಿಟ್ಟಿರುವುದು ಅವನ ಕೆಲಸ. ಏರಿ ನಿಂತ ವರ್ಷ ಊರವರು ಮಳೆರಾಯನನ್ನು ಕೊಂಡಾಡಿದರು. ಏರಿ ಒಡೆದ ವರ್ಷ ನೀರುಗಂಟಿಯನ್ನು ಬಯ್ದರು. ನಮ್ಮ ದೇವಾಲಯಗಳ ದ್ವಾರಪಾಲಕರ ಪಾಡೂ ಅಷ್ಟೆ. ಗದೆ ಹಿಡಿದು, ಕಾಲು ಅಡ್ಡ ಕೊಟ್ಟು ಅವರು ಯುಗಯುಗಾಂತರ ನಿಂತಿರುತ್ತಾರೆ. ಹಣ್ಣುಕಾಯಿ ಮಾತ್ರ ಅವರನ್ನು ದಾಟಿಕೊಂಡು ಒಳಗೆ ಹೋಗುತ್ತದೆ.

ಈ ವಿಚಾರವನ್ನು ಇಂದು ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ನಂಜನಗೂಡಿನಲ್ಲಿ ನನ್ನ ತರಗತಿಯಲ್ಲಿ ಕೂರುವ ಹುಡುಗನೊಬ್ಬನ ತಂದೆ ಕೆಲವು ದಿನಗಳ ಹಿಂದೆ ನರಸೀಪುರದಿಂದ ಬಸ್ಸು ಹಿಡಿದು ನನ್ನನ್ನು ಹುಡುಕಿಕೊಂಡು ಬಂದರು. ಕಚೇರಿಯ ಗುಮಾಸ್ತೆಯವರು, ಅಳೆದು ತೂಗಿ ಮಾತನಾಡುವವರು.

"ಮೇಷ್ಟ್ರೇ, ನಮ್ಮ ಹುಡುಗ ಹಾಕಿ ಆಡುತ್ತಾನೆ. ಆಡಲಿ, ಬೇಡ ಎನ್ನಲಿಲ್ಲ. ಆದರೆ ಗೋಲಿನಲ್ಲೇ ನಿಲ್ಲುತ್ತೇನೆ ಎಂದು ಹಟ ಹಿಡಿದಿದ್ದಾನೆ. ಅದೇ ನನ್ನ ವೃತ್ತಿ ಎನ್ನುತ್ತಾನೆ. ಓಡಲಾರದವರನ್ನಲ್ಲವೆ ಅಲ್ಲಿ ನಿಲ್ಲಿಸುವುದು? ಅವನ ತಾಯಿ ಹಲ್ಲು ಮುರಿದುಕೊಂಡಾನು ಎಂದು ಅಳುತ್ತಾಳೆ. ತಾವು ಓದಿದವರು, ಹೇಳಿ. ಅದರಲ್ಲಿ ಒಂದು ಬಾಳು ಉಂಟೆ?"

ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಕೊಡಬಾರದೆಂದು ತೋರಿತು. ಒಂದು ವಾರದ ಗಡುವು ಕೇಳಿದೆನು. ಅಷ್ಟರಲ್ಲಿ ಓದಿ ತಿಳಿದದ್ದನ್ನು ಅವರೊಬ್ಬರಿಗೇ ಹೇಳುವುದಕ್ಕಿಂತ ಈ ಅಂಕಣದ ವಾಚಕರೊಡನೆ ಹಂಚಿಕೊಳ್ಳುವುದು ಲೇಸು. ಮಗನ ವಿಚಾರದಲ್ಲಿ ಹೀಗೆ ತೂಗಿ ನೋಡುವ ತಂದೆತಾಯಿಗಳು ಎಲ್ಲ ಊರಿನಲ್ಲಿಯೂ ಇದ್ದಾರೆ.

ಮೊದಲು, ಓಡಲಾರದವರ ಸ್ಥಾನವೆಂಬ ಅಪವಾದವನ್ನು ನೋಡೋಣ. ಹಾಕಿಯ ಗೋಲು 3.66 ಮೀಟರು ಅಗಲ, 2.14 ಮೀಟರು ಎತ್ತರ. ಚೆಂಡಿನ ತೂಕ 160 ಗ್ರಾಮಿನ ಆಸುಪಾಸು; ಗಟ್ಟಿತನದಲ್ಲಿ ಕಲ್ಲಿನ ತಮ್ಮ. ಪೆನಾಲ್ಟಿ ಸ್ಟ್ರೋಕಿನಲ್ಲಿ ಹೊಡೆಯುವವನು ಗೋಲಿನ ಗೆರೆಯಿಂದ 6.40 ಮೀಟರು ದೂರದಲ್ಲಿ ನಿಲ್ಲುತ್ತಾನೆ. ಚೆಂಡು ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಬಂದರೆ ಆ ದೂರವನ್ನು ಕ್ರಮಿಸಲು ಅದಕ್ಕೆ ಕಾಲು ಸೆಕೆಂಡು ಕೂಡ ಬೇಡ. ಕಣ್ಣು ಕಂಡದ್ದನ್ನು ಮಿದುಳು ಗ್ರಹಿಸಿ ಕೈಗೆ ಅಪ್ಪಣೆ ಕೊಡುವುದರಲ್ಲಿಯೇ ಆ ಹೊತ್ತೆಲ್ಲ ಮುಗಿದುಹೋಗುತ್ತದೆ. ಆದುದರಿಂದ ಒಳ್ಳೆಯ ಗೋಲ್‌ಕೀಪರು ಚೆಂಡನ್ನು ಕಂಡು ತಡೆಯುವುದಿಲ್ಲ. ಹೊಡೆಯುವವನನ್ನು ಓದಿ ತಡೆಯುತ್ತಾನೆ. ಭುಜ ಎತ್ತ ತಿರುಗಿತು, ಮುಂಗೈ ಹೇಗೆ ಮಡಿಯಿತು, ತೂಕ ಯಾವ ಪಾದದ ಮೇಲೆ ಬಿತ್ತು — ಇವೆಲ್ಲವನ್ನೂ ಪದ್ಯದ ಪದಚ್ಛೇದ ಮಾಡುವಂತೆ ಮಾಡಿ, ಅರ್ಥ ಹುಟ್ಟುವ ಮೊದಲೇ ಅನ್ವಯ ಹೇಳಬೇಕು. ನಮ್ಮ ಕನ್ನಡ ಎಂ.ಎ. ಪರೀಕ್ಷೆಯಲ್ಲಿ ಅದಕ್ಕೆ ಮೂರು ಗಂಟೆಗಳ ಅವಕಾಶ ಕೊಡುತ್ತಾರೆ.

ಇನ್ನೊಂದು ವಿದ್ಯೆ ಎಡೆಯನ್ನು ಕಿರಿದು ಮಾಡುವುದು. ಗೋಡೆಗೆ ಅಂಟಿ ನಿಂತವನ ನೆರಳು ಸಣ್ಣದು. ದೀಪದ ಕಡೆಗೆ ಎರಡು ಹೆಜ್ಜೆ ನಡೆದರೆ ಅದೇ ನೆರಳು ಗೋಡೆಯನ್ನೆಲ್ಲ ತುಂಬುತ್ತದೆ. ಎದುರಾಳಿ ಚೆಂಡು ಹಿಡಿದು ಒಬ್ಬನೇ ನುಗ್ಗಿ ಬಂದಾಗ ಗೋಲ್‌ಕೀಪರು ಹಿಂಜರಿಯದೆ ಮುಂದೆ ಹೋಗುವುದು ಇದಕ್ಕಾಗಿ. ಆ ಎರಡು ಹೆಜ್ಜೆಯಿಂದ ಗೋಲು ಎದುರಾಳಿಯ ಕಣ್ಣಿಗೆ ಕುಗ್ಗಿಹೋಗುತ್ತದೆ. ಆದರೆ ಆ ಹೆಜ್ಜೆಗಳು ಕಲ್ಲಿನಂಥ ಚೆಂಡಿನ ಕಡೆಗೆ ಇಡುವ ಹೆಜ್ಜೆಗಳು. ಹೆದರಿಕೆಯು ದೇಹಕ್ಕೆ ಹಿಂದೆ ಸರಿ ಎಂದು ಹೇಳುವಾಗ ಬುದ್ಧಿಯು ಮುಂದೆ ನಡೆ ಎನ್ನಬೇಕು, ದೇಹವು ಬುದ್ಧಿಯ ಮಾತನ್ನು ಕೇಳಬೇಕು. ಇದನ್ನು ಓಡಲಾರದವರ ಕೆಲಸವೆನ್ನಬಹುದೆ?

ಈ ವಿದ್ಯೆಯನ್ನು ಸಂಬಳದ ವೃತ್ತಿಯಾಗಿ ಬೆಳೆಸಿದವರು ಶೀತದೇಶದವರು. ಕೆನಡಾ, ಅಮೆರಿಕಾಗಳಲ್ಲಿ ಹಾಕಿಯನ್ನು ನೀರ್ಗಲ್ಲಿನ ಮೇಲೆ ಆಡುತ್ತಾರೆ. ಕಪಿಲೆಯ ದಡದ ನಮಗೆ ನೀರ್ಗಲ್ಲೆಂದರೆ ಕಬ್ಬಿನ ಹಾಲಿನ ಲೋಟದಲ್ಲಿ ತೇಲುವ ಚೂರು. ಅಲ್ಲಿಯವರಿಗೆ ಅದೇ ಕ್ರೀಡಾಂಗಣ. ಚೆಂಡಿನ ಬದಲು ಒಂದು ಅಂಗುಲ ದಪ್ಪ, ಮೂರು ಅಂಗುಲ ಅಡ್ಡಳತೆಯ ಗಟ್ಟಿ ರಬ್ಬರಿನ ಬಿಲ್ಲೆ. ಅದು ಪುಟಿಯಬಾರದೆಂದು ಆಟಕ್ಕೆ ಮೊದಲು ಹೆಪ್ಪುಗಟ್ಟುವಂತೆ ತಣ್ಣಗೆ ಇಟ್ಟಿರುತ್ತಾರೆ. ಗೋಲು ನಮ್ಮದಕ್ಕಿಂತ ಚಿಕ್ಕದು, ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಬಿಲ್ಲೆಯ ವೇಗವಾದರೋ ಗಂಟೆಗೆ 150 ಕಿಲೋಮೀಟರನ್ನು ಮೀರುವುದುಂಟು. ಇಂಥ ಬಿಲ್ಲೆಯ ಮುಂದೆ ಬಹುಕಾಲ ಗೋಲ್‌ಕೀಪರರು ಬರಿಯ ಮುಖದಲ್ಲಿ ನಿಲ್ಲುತ್ತಿದ್ದರು. ಮುಖವಾಡ ಧರಿಸುವುದು ಹೇಡಿತನವೆಂಬ ಭಾವನೆ ಬೇರೂರಿದ್ದಿತು.

ಆ ಭಾವನೆಯನ್ನು ಮುರಿದವನು ಮಾಂಟ್ರಿಯಲ್ ತಂಡದ ಝಾಕ್ ಪ್ಲಾಂಟ್. 1959ನೆಯ ಇಸವಿಯ ನವೆಂಬರ್ 1ರಂದು ನ್ಯೂಯಾರ್ಕಿನ ಪಂದ್ಯದಲ್ಲಿ ಆಂಡಿ ಬಾತ್‌ಗೇಟ್ ಎಂಬವನು ಹೊಡೆದ ಬಿಲ್ಲೆ ಇವನ ಮುಖಕ್ಕೆ ಬಡಿಯಿತು. ರಕ್ತ ಸುರಿಯಿತು. ಒಳಗೆ ಹೋಗಿ ಹೊಲಿಗೆ ಹಾಕಿಸಿಕೊಂಡನು. ಆ ಕಾಲದ ತಂಡಗಳಲ್ಲಿ ಎರಡನೆಯ ಗೋಲ್‌ಕೀಪರನಿರುತ್ತಿರಲಿಲ್ಲ. ಅಭ್ಯಾಸದ ವೇಳೆ ತಾನು ಕಟ್ಟಿಕೊಳ್ಳುತ್ತಿದ್ದ ಮುಖವಾಡವನ್ನು ಧರಿಸದೆ ಮತ್ತೆ ಅಂಗಣಕ್ಕೆ ಇಳಿಯಲಾರೆನೆಂದು ಪ್ಲಾಂಟ್ ಪಟ್ಟು ಹಿಡಿದನು. ಮುಖವಾಡವೆಂದರೆ ಸರಿಬೀಳದ ತರಬೇತುಗಾರ ಟೋ ಬ್ಲೇಕ್ ಬೇರೆ ದಾರಿ ಕಾಣದೆ ಒಪ್ಪಿದನು. ಮಾಂಟ್ರಿಯಲ್ ಆ ಪಂದ್ಯವನ್ನು 3-1ರಿಂದ ಗೆದ್ದಿತು. ಅದರ ತರುವಾಯವೂ ಬಹಳ ದಿನ ಸೋಲಲಿಲ್ಲ. ಧೈರ್ಯವೆಂದರೆ ಮೂಗು ಮುರಿಸಿಕೊಳ್ಳುವುದಲ್ಲ, ನಾಳೆಯೂ ನಿಲ್ಲಬಲ್ಲವನಾಗಿರುವುದು ಎಂಬುದನ್ನು ಒಂದು ದೇಶ ಹೀಗೆ ಕಲಿಯಿತು. ಪ್ಲಾಂಟ್ ಅದೇ ಲೀಗಿನಲ್ಲಿ 44ರ ವಯಸ್ಸಿನವರೆಗೆ ಆಡಿದನು.

ಅವನ ಸಮಕಾಲೀನನಾದ ಗ್ಲೆನ್ ಹಾಲ್‌ನದು ಇನ್ನೊಂದು ಕಥೆ. 1955ರಿಂದ 1962ರವರೆಗೆ ಒಂದು ಪಂದ್ಯವನ್ನೂ ತಪ್ಪಿಸದೆ ಸತತವಾಗಿ 502 ಪಂದ್ಯಗಳಲ್ಲಿ ಅವನು ಗೋಲು ಕಾದನು, ಅದೂ ಬರಿಯ ಮುಖದಲ್ಲಿ. ಆಟಕ್ಕೆ ಇಳಿಯುವ ಮುನ್ನ ತಳಮಳದಿಂದ ಅವನಿಗೆ ವಾಂತಿಯಾಗುತ್ತಿದ್ದಿತು. ವಾಂತಿ ಮಾಡಿ, ಬಾಯಿ ತೊಳೆದುಕೊಂಡು, ಹೋಗಿ ನಿಲ್ಲುತ್ತಿದ್ದನು. ಪರೀಕ್ಷೆಯ ಬೆಳಿಗ್ಗೆ ಹೊಟ್ಟೆ ತೊಳಸುವ ನಮ್ಮ ಮಕ್ಕಳಿಗೆ ಹೇಳಬೇಕಾದ ಕಥೆಯಿದು. ಹೆದರದವನು ದೊಡ್ಡವನಲ್ಲ, ಹೆದರಿಯೂ ಹೋಗಿ ನಿಂತವನು ದೊಡ್ಡವನು.

ಅದು ಡಾಲರಿನ ದೇಶದ ಮಾತಾಯಿತು, ನಮ್ಮ ನಾಡಿನಲ್ಲಿ ಹೇಗೆ ಎಂದು ಗುಮಾಸ್ತೆಯವರು ಕೇಳದೆ ಬಿಡುವವರಲ್ಲ. ಅದಕ್ಕೆ ಉತ್ತರ ಹುಡುಕಲು ನರಸೀಪುರದ ಸಂಗಮದಿಂದ ಕಾವೇರಿಯ ಗುಂಟ ಮೇಲಕ್ಕೆ ಹೋದರೆ ಸಾಕು. ತಲಕಾವೇರಿಯ ಸೀಮೆಯಾದ ಕೊಡಗಿನಲ್ಲಿ ಹಾಕಿಯು ಮನೆತನದ ಆಟ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಣ ಹಾಕಿ ಉತ್ಸವವನ್ನು ಆರಂಭಿಸಿದರು. ಒಂದೊಂದು ಮನೆತನಕ್ಕೆ ಒಂದೊಂದು ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಉತ್ಸವಕ್ಕೆ 360 ಮನೆತನಗಳ ತಂಡಗಳು ಬಂದವು. ಎಂದರೆ, ವಾಚಕರೇ, 360 ಮನೆಗಳಲ್ಲಿ ಯಾರೋ ಒಬ್ಬರು ಗೋಲಿನಲ್ಲಿ ನಿಲ್ಲಲು ಒಪ್ಪಿಕೊಂಡರೆಂದು ಅರ್ಥ. ಹೊಡೆಯುವ ಹುಮ್ಮಸ್ಸಿನವರು ಎಲ್ಲ ಮನೆಯಲ್ಲಿಯೂ ಸಿಗುತ್ತಾರೆ. ತಡೆಯಲು ಒಪ್ಪುವ ಒಬ್ಬರು ಸಿಗದಿದ್ದರೆ ಮನೆತನವೇ ಅಂಗಣಕ್ಕೆ ಇಳಿಯುವಂತಿಲ್ಲ.

ಅಂಥ ಕೊಡಗಿನಿಂದ ಬಂದವರು ಅಂಜಪರವಂಡ ಸುಬ್ಬಯ್ಯನವರು. 1992ರ ಬಾರ್ಸಿಲೋನಾ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗಳಿಗೆ ಹೋದ ಭಾರತದ ತಂಡಗಳಲ್ಲಿ ಅವರು ಗೋಲ್‌ಕೀಪರರಾಗಿದ್ದರು. ಆ ಎರಡು ಕೂಟಗಳಲ್ಲಿ ಭಾರತಕ್ಕೆ ದೊರೆತದ್ದು ಏಳನೆಯ ಸ್ಥಾನ, ಎಂಟನೆಯ ಸ್ಥಾನ. ಗೆಲ್ಲುವ ತಂಡದ ಬಾಗಿಲನ್ನು ಕಾಯುವುದು ಒಂದು. ಏರಿ ಎಲ್ಲೆಲ್ಲಿಯೂ ಜಿನುಗುತ್ತಿರುವಾಗ ತೂಬಿನ ಬಳಿ ನಿಲ್ಲುವುದು ಇನ್ನೊಂದು. ಎರಡನೆಯದರಲ್ಲಿ ದುಡಿಮೆ ಹೆಚ್ಚು, ಹೆಸರು ಕಡಮೆ.

ಬೆಂಗಳೂರಿಗೆ ಬಂದರೆ ಅಲ್ಲಿ ಮ್ಯಾನುಯಲ್ ಫ್ರೆಡರಿಕ್ ಎಂಬವರಿದ್ದರು. ಹುಟ್ಟಿದ್ದು ಕೇರಳದ ಕಣ್ಣೂರಿನಲ್ಲಿ, 1947ರಲ್ಲಿ. ಸೇನೆಗೆ ಸೇರಿ ಬೆಂಗಳೂರಿನಲ್ಲಿ ಹಾಕಿ ಕಲಿತರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಪಡೆದ ಭಾರತ ತಂಡದಲ್ಲಿ ಗೋಲ್‌ಕೀಪರರಾಗಿದ್ದ ಅವರು ಒಲಿಂಪಿಕ್ ಪದಕ ಗಳಿಸಿದ ಪ್ರಥಮ ಕೇರಳೀಯರು. ಇಂದಿನ ಶಿರಸ್ತ್ರಾಣಗಳಿಲ್ಲದ ಆ ಕಾಲದಲ್ಲಿ ಹಣೆಯನ್ನೇ ಒಡ್ಡಿ ಚೆಂಡು ತಡೆದವರೆಂದು ಅವರಿಗೆ ಖ್ಯಾತಿ. ಸರಕಾರವು ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿಯನ್ನು ಕೊಟ್ಟದ್ದು 2019ರಲ್ಲಿ, ಪದಕ ಬಂದ ನಲವತ್ತೇಳು ವರ್ಷಗಳ ತರುವಾಯ! ಹಣೆಗೆ ಚೆಂಡು ತಗಲಿದಾಗ ಇಪ್ಪತ್ತೈದರ ಯುವಕ. ಅದೇ ಹಣೆಗೆ ಗೌರವದ ತಿಲಕ ತಗಲಿದಾಗ ಎಪ್ಪತ್ತು ದಾಟಿದ ವೃದ್ಧ. 2025ರಲ್ಲಿ ಬೆಂಗಳೂರಿನಲ್ಲಿಯೇ ಅವರು ತೀರಿಕೊಂಡರು.

ಇನ್ನು ಗುಲಗಂಜಿಯ ತೂಕವನ್ನು ಜಗತ್ತಿಗೆ ತೋರಿಸಿಕೊಟ್ಟ ಒಂದು ದಿನದ ಮಾತಿಗೆ ಬರೋಣ. 1998ರ ಡಿಸೆಂಬರ್ 19. ಬ್ಯಾಂಕಾಕಿನಲ್ಲಿ ಏಷ್ಯನ್ ಕ್ರೀಡೆಗಳ ಹಾಕಿಯ ಅಂತಿಮ ಪಂದ್ಯ, ಭಾರತಕ್ಕೂ ದಕ್ಷಿಣ ಕೊರಿಯಾಕ್ಕೂ. ತಂಡದ ನಾಯಕರು ಧನರಾಜ್ ಪಿಳ್ಳೈ. ಗೋಲಿನಲ್ಲಿ ಬೆಂಗಳೂರಿನ ಆಶಿಶ್ ಬಲ್ಲಾಳರು. ನಿಗದಿಯಾದ ವೇಳೆ ಮುಗಿಯಿತು, ಹೆಚ್ಚುವರಿ ವೇಳೆಯೂ ಮುಗಿಯಿತು. ಎರಡು ಕಡೆಯೂ ಒಂದೊಂದೇ ಗೋಲು. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತುಬಿಟ್ಟಿತು. ಪೆನಾಲ್ಟಿ ಸ್ಟ್ರೋಕುಗಳಿಂದ ತೀರ್ಮಾನವಾಗಬೇಕು. ಉಳಿದವರೆಲ್ಲ ದೂರದಲ್ಲಿ ನಿಂತರು. ಹೊಡೆಯುವವನೊಬ್ಬ, ತಡೆಯುವವನೊಬ್ಬ; ನಡುವೆ 6.40 ಮೀಟರು. ಬಲ್ಲಾಳರು ಎರಡು ಬಾರಿ ಚೆಂಡನ್ನು ತಡೆದರು. ಸ್ಟ್ರೋಕುಗಳಲ್ಲಿ 4-2. ಭಾರತಕ್ಕೆ ಚಿನ್ನ.

ಏಷ್ಯನ್ ಕ್ರೀಡೆಗಳ ಹಾಕಿಯಲ್ಲಿ ಭಾರತಕ್ಕೆ ಅದಕ್ಕೆ ಮೊದಲು ಚಿನ್ನ ಬಂದದ್ದು ಒಂದೇ ಬಾರಿ, ಮೂವತ್ತೆರಡು ವರ್ಷಗಳ ಹಿಂದೆ, 1966ರಲ್ಲಿ. ಆಗಲೂ ಊರು ಬ್ಯಾಂಕಾಕೇ. ಆಗಿನ ನಾಯಕನೇ ಒಬ್ಬ ಗೋಲ್‌ಕೀಪರ್: ಮಹೂ ಊರಿನ ಶಂಕರ್ ಲಕ್ಷ್ಮಣ್. ನಮ್ಮ ಬೆಳಗಾವಿಯಲ್ಲಿ ಕೇಂದ್ರವುಳ್ಳ ಮರಾಠಾ ಲಘು ಪದಾತಿ ದಳದ ಸೈನಿಕ. 1956ರ ಒಲಿಂಪಿಕ್ಸ್‌ನಲ್ಲಿ ಚಿನ್ನ, 1960ರಲ್ಲಿ ಬೆಳ್ಳಿ, 1964ರಲ್ಲಿ ಮತ್ತೆ ಚಿನ್ನ ಪಡೆದ ತಂಡಗಳ ಬಾಗಿಲನ್ನು ಕಾದವನು. 1964ರ ಟೋಕಿಯೋ ಅಂತಿಮ ಪಂದ್ಯದಲ್ಲಿ ಭಾರತ ಪಾಕಿಸ್ತಾನವನ್ನು ಸೋಲಿಸಿದ್ದು 1-0ರಿಂದ. ಆ ಒಂದನ್ನು ಹೊಡೆದವನು ಮೋಹಿಂದರ್ ಲಾಲ್. ಆ ಸೊನ್ನೆಯನ್ನು ಬರೆದವನು ಲಕ್ಷ್ಮಣ್.

ಇಷ್ಟರವರೆಗೆ ಕೇಳಿದರೆ ಯಾವ ತಂದೆಗಾದರೂ ಎದೆ ಉಬ್ಬೀತು. ಆದರೆ ಲೆಕ್ಕ ಬರೆಯುವವರು ಎರಡು ಕಡೆಯ ಕಲಮನ್ನೂ ಬರೆಯಬೇಕು. ಬ್ಯಾಂಕಾಕಿನ ಚಿನ್ನ ಬಂದು ಕೆಲವೇ ವಾರಗಳಲ್ಲಿ, 1999ರ ಆದಿಯಲ್ಲಿ, ಪಾಕಿಸ್ತಾನದ ಎದುರಿನ ಪಂದ್ಯಮಾಲೆಗೆ ಆರಿಸಿದ ತಂಡದಲ್ಲಿ ನಾಯಕ ಪಿಳ್ಳೈಯವರ ಹೆಸರಿರಲಿಲ್ಲ. ಬಲ್ಲಾಳರ ಹೆಸರೂ ಇರಲಿಲ್ಲ. ಅವರಿಗೆ ವಿಶ್ರಾಂತಿ ಕೊಟ್ಟಿದೆಯೆಂಬ ಮಾತು ಹುಟ್ಟಿತು. ಮೂವತ್ತೆರಡು ವರ್ಷಗಳಿಗೊಮ್ಮೆ ಬರುವ ಚಿನ್ನವನ್ನು ತಂದವರಿಗೆ ಸಿಕ್ಕ ಬಹುಮಾನವೆಂದರೆ, ಕೇಳದೆ ಸಿಕ್ಕ ವಿಶ್ರಾಂತಿ. ಲಕ್ಷ್ಮಣನ ಕಡೆಗಾಲವು ಇನ್ನೂ ಕಹಿ. ಸೇನೆಯಿಂದ ನಿವೃತ್ತನಾಗಿ ಮಹೂವಿನಲ್ಲಿದ್ದವನಿಗೆ ಕಾಲಿನಲ್ಲಿ ಕೊಳೆರೋಗ ಹತ್ತಿತು. 2006ರಲ್ಲಿ ಅದರಿಂದಲೇ ತೀರಿಕೊಂಡನು. ಮೂರು ಒಲಿಂಪಿಕ್ಸ್‌ಗಳಲ್ಲಿ ಚೆಂಡನ್ನು ಅಡ್ಡಗಟ್ಟಿದ್ದು ಇಂಥ ಕಾಲುಗಳೇ.

ಹೊಡೆದವರಿಗೂ ಇಂಥ ಗತಿ ಬಂದದ್ದುಂಟು, ಇಲ್ಲವೆನ್ನಲಾರೆನು. ಆದರೆ ಹೊಡೆಯುವವನು ಹತ್ತು ಬಾರಿ ತಪ್ಪಿ ಹನ್ನೊಂದನೆಯ ಬಾರಿ ಗುರಿ ಮುಟ್ಟಿಸಿದರೆ ಜನ ಹನ್ನೊಂದನೆಯದನ್ನು ನೆನೆಯುತ್ತಾರೆ. ತಡೆಯುವವನು ಹತ್ತು ಬಾರಿ ತಡೆದು ಹನ್ನೊಂದನೆಯ ಬಾರಿ ಬಿಟ್ಟರೆ ಆಗಲೂ ಜನ ಹನ್ನೊಂದನೆಯದನ್ನೇ ನೆನೆಯುತ್ತಾರೆ. ಬ್ರೆಜಿಲಿನ ಫುಟ್‌ಬಾಲ್ ಗೋಲ್‌ಕೀಪರ್ ಬಾರ್ಬೋಸಾ 1950ರ ವಿಶ್ವಕಪ್ಪಿನ ನಿರ್ಣಾಯಕ ಪಂದ್ಯದಲ್ಲಿ ಉರುಗ್ವೆಯ ಎರಡನೆಯ ಗೋಲನ್ನು ಬಿಟ್ಟನೆಂದು ದೇಶಕ್ಕೆ ದೇಶವೇ ಅವನ ಮೇಲೆ ಮುನಿಸಿಕೊಂಡಿತು. 2000ದಲ್ಲಿ ಅವನು ಸಾಯುವವರೆಗೂ, ಐವತ್ತು ವರ್ಷ, ಆ ಮುನಿಸು ತೀರಲಿಲ್ಲ. ಕೊಲೆಗಡುಕನಿಗೂ ಇಷ್ಟು ದೀರ್ಘ ಶಿಕ್ಷೆ ಇಲ್ಲ.

ಹಾಗಾದರೆ ಕಾಲ ಬದಲಾಗಿಲ್ಲವೆ? ಆಗಿದೆ, ಸ್ವಲ್ಪ ಸ್ವಲ್ಪವಾಗಿ. ಕಾಲಿಂಪಾಂಗ್‌ನಲ್ಲಿ ಹುಟ್ಟಿ, ನಮ್ಮ ಕೆನರಾ ಬ್ಯಾಂಕಿನ ತಂಡದಲ್ಲಿ ಆಡಿದ ಭರತ್ ಛೆಟ್ರಿಯವರು ಗೋಲ್‌ಕೀಪರರಾಗಿಯೇ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕರಾದರು. ಅಲ್ಲಿ ಭಾರತಕ್ಕೆ ಹನ್ನೆರಡನೆಯ, ಎಂದರೆ ಕಡೆಯ ಸ್ಥಾನ ದೊರೆಯಿತು. ಅದೇ ತಂಡದಲ್ಲಿ ಇನ್ನೊಬ್ಬ ಗೋಲ್‌ಕೀಪರಿದ್ದರು, ಕೇರಳದ ಶ್ರೀಜೇಶ್. ಟೋಕಿಯೋ ಒಲಿಂಪಿಕ್ಸ್‌ನ ಕಂಚಿನ ಪಂದ್ಯದಲ್ಲಿ, 2021ರ ಆಗಸ್ಟ್ 5ರಂದು, ಭಾರತ ಜರ್ಮನಿಯ ಮೇಲೆ 5-4ರಿಂದ ಮುಂದಿದ್ದಾಗ ಕೊನೆಯ ಕ್ಷಣಗಳಲ್ಲಿ ಜರ್ಮನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಶ್ರೀಜೇಶ್ ತಡೆದರು. ನಲವತ್ತೊಂದು ವರ್ಷಗಳ ತರುವಾಯ ಭಾರತದ ಹಾಕಿಗೆ ಒಲಿಂಪಿಕ್ ಪದಕ ಬಂದಿತು. ಫ್ರೆಡರಿಕರ ತರುವಾಯ ಕೇರಳಕ್ಕೂ ಎರಡನೆಯ ಪದಕಧಾರಿ ಸಿಕ್ಕಿದನು. 2024ರಲ್ಲಿ ಪ್ಯಾರಿಸಿನಲ್ಲಿ ಮತ್ತೊಂದು ಕಂಚು ತಂದು, 36ರ ವಯಸ್ಸಿನಲ್ಲಿ ಅವರು ನಿವೃತ್ತರಾದಾಗ ಅವರ 16ನೆಯ ಅಂಕದ ಅಂಗಿಯನ್ನು ಹಿರಿಯರ ತಂಡದಲ್ಲಿ ಇನ್ನಾರಿಗೂ ಕೊಡುವುದಿಲ್ಲವೆಂದು ಹಾಕಿ ಇಂಡಿಯಾ ಸಂಸ್ಥೆ ಸಾರಿತು. ದ್ವಾರಪಾಲಕನಿಗೂ ಒಮ್ಮೆ ಹಣ್ಣುಕಾಯಿ ಸಂದಿತು.

ಹೆಣ್ಣುಮಕ್ಕಳ ಮಾತನ್ನೂ ಮರೆಯಬಾರದು. ಅದೇ ಟೋಕಿಯೋದಲ್ಲಿ ಭಾರತದ ಮಹಿಳೆಯರು ಬಲಿಷ್ಠ ಆಸ್ಟ್ರೇಲಿಯಾವನ್ನು 1-0ರಿಂದ ಸೋಲಿಸಿದರು. ಗೋಲು ಹೊಡೆದವರು ಗುರ್ಜಿತ್ ಕೌರ್. ಪಂದ್ಯದುದ್ದಕ್ಕೂ ಆ ಸೊನ್ನೆಯನ್ನು ಕಾಪಾಡಿದವರು ಹರಿಯಾಣದ ಸವಿತಾ.

ಇಷ್ಟನ್ನೆಲ್ಲ ತೂಗಿ ನರಸೀಪುರದ ಆ ತಂದೆಗೆ ನಾನು ಕೊಡುವ ಉತ್ತರವಿದು. ಸ್ವಾಮಿ, ಆ ವೃತ್ತಿಯಲ್ಲಿ ಬಾಳು ಉಂಟು. ಆದರೆ ಅದನ್ನೊಂದನ್ನೇ ನಂಬಿ ಕೂರುವ ಬಾಳಲ್ಲ. ನಮ್ಮ ದೇಶದಲ್ಲಿ ಹಾಕಿ ಆಟಗಾರರಿಗೆ ಅನ್ನ ಕೊಟ್ಟದ್ದು ಸೇನೆ, ರೈಲ್ವೆ, ಬ್ಯಾಂಕು, ಸಾರ್ವಜನಿಕ ಉದ್ಯಮಗಳ ನೌಕರಿ. ಅಂಥ ನೌಕರಿಗೆ ಆಟದಷ್ಟೇ ವಿದ್ಯೆಯೂ ಬೇಕು. ಆದುದರಿಂದ ಹುಡುಗ ಪದವಿಯನ್ನು ಬಿಡದಿರಲಿ. ತಾಯಿಯವರ ಕಣ್ಣೀರಿಗೆ ಸಮಾಧಾನ ಹೇಳುವುದಕ್ಕಿಂತ ಶಿರಸ್ತ್ರಾಣ, ಎದೆಗವಚ, ಪ್ಯಾಡುಗಳನ್ನು ಒಳ್ಳೆಯವನ್ನೇ ಕೊಡಿಸಿ; ಅಲ್ಲಿ ಮಾತ್ರ ಚೌಕಾಸಿ ಬೇಡ. ಪ್ಲಾಂಟ್ ರಕ್ತ ಕೊಟ್ಟು ಕಲಿಸಿದ ಪಾಠವನ್ನು ನಮ್ಮ ಮಕ್ಕಳು ಮತ್ತೆ ರಕ್ತ ಕೊಟ್ಟು ಕಲಿಯಬೇಕಾಗಿಲ್ಲ. ಮತ್ತೊಂದು ಮಾತು: ಗೋಲ್‌ಕೀಪರನು ನಿಧಾನವಾಗಿ ಹಣ್ಣಾಗುವ ಕಾಯಿ. ಓಡುವವರ ಕಾಲು ಸೋಲುವ ವಯಸ್ಸಿನಲ್ಲಿಯೂ ಅವನ ಕಣ್ಣು ಚುರುಕಾಗಿಯೇ ಇರುವುದುಂಟು. ಇಪ್ಪತ್ತಕ್ಕೆ ಹೆಸರು ಬರಲಿಲ್ಲವೆಂದು ಅವಸರ ಪಡಬೇಡಿ.

ಇವೆಲ್ಲಕ್ಕಿಂತ ದೊಡ್ಡ ಸಲಹೆಯೊಂದು ಉಳಿದಿದೆ. ಅದಕ್ಕೆ ಹಣ ಬೇಡ, ಶಿಫಾರಸು ಬೇಡ. ಪಂದ್ಯ ಆಡಿ ಮಗ ಸಂಜೆ ಮನೆಗೆ ಬಂದಾಗ ನಾವು ಸಹಜವಾಗಿ ಕೇಳುವ ಪ್ರಶ್ನೆ, "ಎಷ್ಟು ಗೋಲು ಬಿಟ್ಟೆಯೋ?" ಎಂದು. ಸಂಘಗಳು ಕೇಳುವುದೂ ಅದನ್ನೇ, ಪತ್ರಿಕೆಗಳು ಬರೆಯುವುದೂ ಅದನ್ನೇ. ಬಿಟ್ಟದ್ದನ್ನು ಮಾತ್ರ ಎಣಿಸುವ ಈ ಪದ್ಧತಿಯಿಂದಲೇ ಫ್ರೆಡರಿಕರ ಹಣೆ ನಲವತ್ತೇಳು ವರ್ಷ ಕಾಯಬೇಕಾಯಿತು. ಮನೆಯವರಾದರೂ ಪ್ರಶ್ನೆಯನ್ನು ತಿರುಗಿಸಿ ಕೇಳಬಹುದಲ್ಲವೆ? "ಎಷ್ಟು ತಡೆದೆಯಪ್ಪ?" ಎಂದು ಒಮ್ಮೆ ಕೇಳಿ ನೋಡಿ. ಸೋತು ಬಂದ ದಿನವೇ ಕೇಳಿ. ಪ್ಯಾಡು ಬಿಚ್ಚುತ್ತ ಕುಳಿತ ಹುಡುಗನು ತಲೆಯೆತ್ತಿ ಲೆಕ್ಕ ಹೇಳಲು ಆರಂಭಿಸುತ್ತಾನೆ.

ಈ ಪ್ರಶ್ನೆಯು ಹಾಕಿಯ ಅಂಗಣಕ್ಕೆ ಮಾತ್ರ ಸಲ್ಲುವುದೆಂದು ಭಾವಿಸಬೇಕಾಗಿಲ್ಲ. ಮಳೆಗಾಲದ ರಾತ್ರಿ ಜಲಾಶಯದ ಬಾಗಿಲ ಬಳಿ ಎಚ್ಚರವಾಗಿರುವವರು, ರೈಲ್ವೆ ಗೇಟಿನಲ್ಲಿ ಹಸಿರು ದೀಪ ಹಿಡಿದು ನಿಂತವರು, ಮನೆಯ ಮಾಸಿಕ ವೆಚ್ಚವು ವರಮಾನವನ್ನು ದಾಟದಂತೆ ತಡೆಹಿಡಿದ ಗೃಹಿಣಿ — ಇವರೆಲ್ಲರ ದುಡಿಮೆಯೂ ಆಗದೆ ಹೋದುದರ ಖಾತೆಯಲ್ಲಿಯೇ ಇದೆ. ಆ ಖಾತೆಯನ್ನು ಬರೆಯುವ ಕರಣಿಕನು ಎಲ್ಲಿಯೂ ಇಲ್ಲ. ನಾವೇ ಆಗಾಗ ಬಾಯಿ ತೆರೆದು ಎರಡು ಮಾತಿನಲ್ಲಿ ಅದನ್ನು ಬರೆಯಬೇಕು. ಹೆಚ್ಚು ಬೇಡ, ಒಂದು ಗುಲಗಂಜಿಯ ತೂಕದಷ್ಟು ಸಾಕು.